ಬಿಳಿ ವಾಚಿನ ಹಳದಿ

ಪಂಚಮಿಗೆ ಬೈಲಹೊಂಗಲದ ತವರಿಗೆ ಬಂದ ಮಂಜುಳಾ ಚಹಾ ಕುಡಿಯುವ ಮೊದಲೇ ಗಾಜಿನ ಕಪಾಟಿನ ಮುಂದೆ ನಿಂತಳು. ಕಾಲೇಜಿನ ದಿನಗಳಲ್ಲಿ ಒಂದೊಂದಾಗಿ ಕೂಡಿಸಿದ ಹನ್ನೊಂದು ಪ್ಲಾಸ್ಟಿಕ್ ವಾಚುಗಳು ಅದರಲ್ಲಿ ಮೊಳೆಗೆ ತೂಗುತ್ತಿದ್ದವು. ೧೯೯೬ರಲ್ಲಿ ಮದುವೆಯಾಗಿ ರಾಮದುರ್ಗಕ್ಕೆ ಹೋಗುವಾಗ ಕಪಾಟಿನ ಕೀಲಿಯನ್ನು ಅಣ್ಣನ ಹೆಂಡತಿ ನಾಗರತ್ನಾಳ ಕೈಗೆ ಕೊಟ್ಟು, "ಯಾರೂ ಮುಟ್ಟಬಾರ್ದು ನೋಡ್ರಿ ವೈನಿ" ಎಂದಿದ್ದಳು. ಏಳು ವರ್ಷ ಬಂದು ಹೋಗುವಾಗೆಲ್ಲ ಮಸುಕು ಗಾಜಿನಾಚೆಯಿಂದಲೇ ನೋಡಿದ್ದಳು. ಈ ಸಲ ಒಯ್ಯಬೇಕೆಂದು ಬಂದಿದ್ದಳು.

ಬಿಳಿ ವಾಚನ್ನು ಹೊರತೆಗೆದು ಹೌಹಾರಿದಳು. ಅದರ ಪಟ್ಟಿ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಪಟ್ಟಿ ನೋಡಿದಳು, ಕೀಲಿ ತೆರೆದು ಪಕ್ಕದಲ್ಲೇ ನಿಂತಿದ್ದ ನಾಗರತ್ನಾಳ ಅರಿಶಿನದ ಕೈ ನೋಡಿದಳು.

"ಹಾಕ್ಕೊಂಡೀರೇನ್ರಿ ವೈನಿ? ಕೈಯರ ತೊಳಕೊಂಡು ಹಾಕ್ಕೋಬೇಕಿತ್ತು!"

"ನಾ ಹಾಕ್ಕೊಂಡಿಲ್ಲ ಮಂಜುಳಾ."

"ಮತ್ತ ವಾಚ ತಾನs ಅರಿಶಿನ ಹಚಗೊಂತೇನು?"

ಎಲೆಗೆ ಸುಣ್ಣ ಸವರುತ್ತಿದ್ದ ಮಂಜುಳಾಳ ಅವ್ವ, ನಾಗರತ್ನಾಳ ಅತ್ತೆ ಗುರುಬಸವ್ವ ಕೈ ಚಾಚಿದಳು. "ಕೀಲಿ ಗೊಂಚಲ ಇಲ್ಲಿ ತಾ ರತ್ನಾ. ಕೇಳಿದ್ರ ಯಾರ ಬ್ಯಾಡ ಅಂತಿದ್ರು? ಕದ್ದು ಹಾಕ್ಕೊಳ್ಳಾಕಿ ಕೈಯಾಗ ಮನಿ ಕೀಲಿ ಹೆಂಗ ಇಡ್ಲಿ?"

ಸುರೇಬಾನದಿಂದ ಹತ್ತೊಂಬತ್ತರ ಹರೆಯದಲ್ಲಿ ಬಂದ ಸೊಸೆಗೆ ಈ ಮನೆಯಲ್ಲಿ ಯಾರೂ ಇಂಥ ಮಾತು ಆಡಿರಲಿಲ್ಲ. ಆದರೆ ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ನಾಗರತ್ನಾ ಕಪಾಟು ತೆರೆದು ನಿಂತದ್ದು ನಿಜ. ಕೈ ಎತ್ತಿದ್ದಳು, ಮುಟ್ಟದೆ ಇಳಿಸಿದ್ದಳು. ಆಸೆಪಟ್ಟದ್ದಕ್ಕೇ ತಪ್ಪಿತಸ್ಥೆಯಂತೆ ನಿಂತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆಗ ಕಣ್ಣು ಅತ್ತೆಯ ಸುಣ್ಣದ ಡಬ್ಬಿಯ ಮೇಲೆ ಬಿತ್ತು.

ಸೊಂಟದ ಕೀಲಿಗೊಂಚಲು ತೆಗೆದಳು. ಆದರೆ ಅತ್ತೆಯ ಕೈಗೆ ಕೊಡದೆ ಇಬ್ಬರ ನಡುವೆ ನೆಲಕ್ಕಿಟ್ಟಳು.

"ಒಂದ ಮಾತು ಹೇಳ್ರಿ ಅತ್ತಿ. ಆರತಿ ನೀರು ಕೆಂಪ ಹೆಂಗ ಮಾಡ್ತೀರಿ?"

"ಅರಿಶಿನಕ್ಕ ಸುಣ್ಣ ಹಾಕಿ. ಈಗ್ಯಾಕ ಅದು?"

"ಹಂಗಾರ ಸುಣ್ಣ ಕೊಡ್ರಿ."

ಸುಣ್ಣ ನೀರಲ್ಲಿ ಕದಡಿ ಮೊದಲು ತನ್ನ ಮುಂಗೈಗೆ ಹಚ್ಚಿದಳು. ಅರಿಶಿನ ಕೂಡಲೇ ಕೆಂಪಾಯಿತು. ಆಮೇಲೆ ವಾಚಿನ ಪಟ್ಟಿಗೆ ಸವರಿದಳು. ಅತ್ತೆ ಬಾಗಿದಳು, ಮಂಜುಳಾ ಬಾಗಿದಳು. ನಾಗರತ್ನಾ ಪಟ್ಟಿ ಒರೆಸಿದಳು. ಹಳದಿ ಹಳದಿಯಾಗಿಯೇ ಇತ್ತು.

"ಅರಿಶಿನಿದ್ರ ಕೆಂಪಾಗ್ತಿತ್ತು," ಎಂದು ಪಟ್ಟಿಯನ್ನು ತಿರುವಿದಳು. ಮೈಗೆ ಹತ್ತುವ ಒಳಮಗ್ಗಲು ಇನ್ನೂ ಬಿಳಿ. "ಹಾಕ್ಕೊಂಡಿದ್ರ ಈ ಮಗ್ಗಲ ಹೊಲಸಾಗ್ತಿತ್ತು. ಹಳದಿ ಆಗಿದ್ದು ಕಿಡಕಿ ಕಡೆ ಮಾರಿ ಇದ್ದ ಮಗ್ಗಲ."

ಈಗ ಅವಳನ್ನು ಹಿಡಿಯುವವರಿರಲಿಲ್ಲ. ಕಪಾಟಿನ ಮಗ್ಗುಲ ಗೋಡೆಯಲ್ಲಿ ಪ್ಲಾಸ್ಟಿಕ್ ಸ್ವಿಚ್ ಬೋರ್ಡಿತ್ತು, ಅದರ ಅರ್ಧದ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಕ್ಯಾಲೆಂಡರ್ ಎತ್ತಿ ಹಿಡಿದಳು. ಮುಚ್ಚಿದ ಅರ್ಧ ಬಿಳಿ, ತೆರೆದ ಅರ್ಧ ಹಳದಿ.

"ಇದಕ್ಕ ಯಾರು ಅರಿಶಿನ ಹಚ್ಯಾರ? ದಿನಾ ಸಂಜಿ ಬಿಸಲು ನೆಟ್ಟಗ ಇಲ್ಲೇ ಬಡೀತೈತಿ. ಬಿಸಲು, ಗಾಳಿ, ಕಾವು ಬಡದು ಬಡದು ಪ್ಲಾಸ್ಟಿಕ್ ತಾನs ಹಳದಿ ಆಗತೈತಿ. ಬಿಳೇದ್ರಾಗ ಎದ್ದು ಕಾಣತೈತಿ, ಅಷ್ಟ."

ಮಂಜುಳಾ ಕಿಸಕ್ಕನೆ ನಕ್ಕಳು. "ಅವ್ವಾ, ಇನ್ನ ಆ ಸೂರ್ಯಾನ ಕಡಿಂದ ಕೀಲಿ ಕಸ್ಕೋ!"

ಗುರುಬಸವ್ವ ನಗಲಿಲ್ಲ. ನೆಲದ ಗೊಂಚಲನ್ನು ತಾನೇ ಎತ್ತಿ ಹಿಡಿದಳು. "ತಗೋ ರತ್ನಾ. ನಂದು ತಪ್ಪಾತು."

ನಾಗರತ್ನಾ ಕೈ ಚಾಚಲಿಲ್ಲ. "ಕಳವು ಅಂದವರು ನೀವು. ನೀವs ಸಿಗಸ್ರಿ."

ಅತ್ತೆ ಮುಂದೆ ಬಂದು ಗೊಂಚಲನ್ನು ಸೊಸೆಯ ಸೊಂಟಕ್ಕೆ ಸಿಗಿಸಿದಳು.

"ವೈನಿ, ಈ ವಾಚ ನೀವs ಇಟಗೋರಿ," ಎಂದಳು ಮಂಜುಳಾ ಮೆತ್ತಗೆ.

"ಹಳದಿ ಆಗಿದ್ದು ನನಗ ಯಾಕ? ಕೊಡೋದಿದ್ರ ಆ ನೀಲಿದು ಕೊಡು. ಅದರ ಮ್ಯಾಲ ನನಗ ಭಾಳ ಆಸೆ ಐತಿ."

ಬಾಯಿಬಿಟ್ಟು ಅಂದದ್ದು ಅವಳಿಗೇ ಹೊಸದು. ಮಂಜುಳಾ ನಗುತ್ತ ಅವಳ ಮುಂಗೈಗೆ ನೀಲಿ ವಾಚು ಕಟ್ಟಿದಳು. ಸುಣ್ಣಕ್ಕೆ ಕೆಂಪಾದ ಆ ಮುಂಗೈಯನ್ನು ನಾಗರತ್ನಾ ತೊಳೆಯಲಿಲ್ಲ. ಹೋಳಿಗೆ ಹಂಚಲು ಹಾಗೆಯೇ ಓಣಿಗೆ ಹೊರಟಳು.