ಎಮ್ಮೆಗೆ ಹಾಕಿದ ಹಿಟ್ಟು

ಶನಿವಾರ ಸಂಜೆ ನಾನು ಪರಾತಕ್ಕೆ ಗೋದಿಹಿಟ್ಟು ಸುರಿದು ನೀರು ಹಾಕುತ್ತಿದ್ದೆ. ಅವ್ವ ಎದುರಿಗೆ ಕೂತು ನೋಡುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ತಾವರಗೇರಾದ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುವಿನ ಮೇಜಿಗೆ ಇಟ್ಟು ಎಲ್ಲರಿಗೂ ಮುರಿದು ಕೊಡುವ ರೊಟ್ಟಿ ನಮ್ಮ ಮನೆಯಿಂದಲೇ ಹೋಗುತ್ತದೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಹಂಚಿನಗಲದ ಒಂದೇ ಚಪಾತಿ. ಹಿಟ್ಟಿಗೆ ನೀರು ಬಿದ್ದಾಗಿನಿಂದ ರೊಟ್ಟಿ ಬೆಂದು ಬಿಳಿ ಬಟ್ಟೆಯೊಳಗೆ ಹೋಗುವತನಕ ಯಾರೂ ಬಾಯಿ ಬಿಡಬಾರದು, ಮನಸ್ಸಿನಲ್ಲೇ ಪ್ರಾರ್ಥನೆ ಮಾಡಬೇಕು. ಈ ನೇಮ ಅವ್ವನೇ ತಂದದ್ದು. ನನಗದು ಬಹಳ ಇಷ್ಟ. ಮಾತಾಡದೆ ಇದ್ದದ್ದಕ್ಕೆ ನನ್ನನ್ನು ಯಾರಾದರೂ ಹೊಗಳುವ ಕೆಲಸ ಅದೊಂದೇ.

ಒಳಗಿನಿಂದ ಅಕ್ಕ ಶೋಭಾರಾಣಿ ಬಂದಳು. ಕೈ ತೊಳೆದುಕೊಂಡು ನನ್ನ ಪಕ್ಕ ಕೂತು, ಪರಾತವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ನಾದತೊಡಗಿದಳು. ಅವ್ವನ ಕೈ ಮೇಲೆದ್ದಿತು. ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಇಳಿದು ತೊಡೆಯ ಮೇಲೆ ಬಂತು.

ಎರಡು ವರ್ಷದ ಹಿಂದೆ ಆ ಕೈ ಇಳಿದಿರಲಿಲ್ಲ. ಆಗ ಅಕ್ಕ ಗಂಗಾವತಿಯ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿಯಾಗಿತ್ತು, ನನಗೆ ಜ್ವರ ಬಂದಿತ್ತು. ಹಿಟ್ಟು ನಾದುವುದಕ್ಕೆ ಸಭೆಯ ಶೈಲಶ್ರೀ ಬಂದಿದ್ದಳು. ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದವಳು. ಒಬ್ಬ ಲಾರಿ ಡ್ರೈವರನ ಜೊತೆ ಮದುವೆಯಾಗದೆ ಸಂಸಾರ ಮಾಡುತ್ತಿದ್ದಾಳೆಂದು ಅದೇ ವಾರ ಅವ್ವನ ಕಿವಿಗೆ ಬಿದ್ದಿತ್ತು. ಅವ್ವ ಮಾತಿನ ನೇಮ ಮುರಿಯಲಿಲ್ಲ. ಶೈಲಶ್ರೀ ಅರ್ಧ ನಾದಿದ ಹಿಟ್ಟನ್ನು ಅವಳ ಕೈಯಿಂದಲೇ ತೆಗೆದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಹಾಕಿದಳು. ತಿರುಗಿ ಬಂದು ಹೊಸ ಹಿಟ್ಟು ತೆಗೆದಳು. ಶೈಲಶ್ರೀ ಹಿಟ್ಟು ಮೆತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತ ಸ್ವಲ್ಪ ಹೊತ್ತು ಕೂತಳು, ಎದ್ದು ಹೋದಳು. ನಾನು ಕೌದಿಯೊಳಗಿಂದ ನೋಡುತ್ತಿದ್ದೆ.

ಮರುದಿನ ಅವ್ವ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ನಮ್ಮಲ್ಲಿ ಅಂಥವರು ಮೂರು ತಿಂಗಳು ಬಾಗಿಲ ಹತ್ತಿರದ ಚಾಪೆಯ ಮೇಲೆ ಕೂಡಬೇಕು, ಮೇಜಿನ ರೊಟ್ಟಿ ಮತ್ತು ದ್ರಾಕ್ಷಿರಸ ಅವರಿಗಿಲ್ಲ. ಪಾಸ್ಟರ್ ದೇವಪುತ್ರಪ್ಪನವರು ಶೈಲಶ್ರೀಗೆ ಹಿಂದೆ ಹೋಗಲು ಹೇಳಿದರು. ಅವಳು ಒಂದೇ ಭಾನುವಾರ ಆ ಚಾಪೆಯ ಮೇಲೆ ಕೂತಳು. ಮತ್ತೆ ಬರಲಿಲ್ಲ.

ಈಗ ಮನೆಗೆ ಬಂದಿರುವ ಅಕ್ಕ ಮೂರು ತಿಂಗಳ ಬಸುರಿ. ಹುಡುಗ ಅದೇ ಬಟ್ಟೆ ಅಂಗಡಿಯ ದುರಗೇಶ. ಅವನು ಓಡಿಹೋಗಲಿಲ್ಲ, ಬಂದು ಅವ್ವನ ಮುಂದೆ ತಲೆ ತಗ್ಗಿಸಿ ಕೂತು, ಮುಂದಿನ ತಿಂಗಳು ಕುಷ್ಟಗಿಯಲ್ಲಿ ರಿಜಿಸ್ಟರ್ ಮದುವೆಯಾಗುತ್ತೇನೆ ಎಂದು ಹೇಳಿಹೋಗಿದ್ದಾನೆ. ಅವ್ವ ಅಕ್ಕನನ್ನು ಬೈಯಲಿಲ್ಲ. ರಾತ್ರಿ ಊಟಕ್ಕೆ ಅವಳ ತಾಟಿಗೆ ತುಪ್ಪ ಹಾಕಿ, ತಾನು ಉಣ್ಣದೆ ಎದ್ದಳು. ಅವ್ವನಿಗೆ ಇದ್ದ ಭಯ ಒಂದೇ, ಮಗಳು ಆ ಚಾಪೆಯ ಮೇಲೆ ಕೂಡಬೇಕಾಗುತ್ತದೆ ಎಂಬುದು.

ಗುರುವಾರ ಅವ್ವ ಪಾಸ್ಟರರ ಮನೆಗೆ ಹೋದಳು, ಜೊತೆಗೆ ನಾನು. ನಾನು ಕಟ್ಟೆಯ ಮೇಲೆ ಕೂತೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟಾಗಿನಿಂದ ನಾನು ಕಲಿತದ್ದೆಲ್ಲ ಹೀಗೆ ಹೊರಗೆ ಕೂತು ಕೇಳಿದ್ದೇ. ಒಳಗೆ ಅವ್ವ ಅತ್ತಳು. ಸಭೆಗೆ ತಗಡಿನ ಸೂರು ಹಾಕಿಸುವಾಗ ಕಲ್ಲು ಹೊತ್ತವಳು ನೀನು ಎಂದು ಪಾಸ್ಟರರು ನೆನೆಸಿಕೊಂಡರು. ಹೇಗೂ ಮದುವೆ ಆಗುತ್ತದೆ, ಯಾರಿಗೂ ಹೇಳುವುದು ಬೇಡ, ಶೋಭಾ ಹಾಡುವವರ ಜೊತೆಗೇ ಮುಂದೆ ಕೂಡಲಿ ಎಂದರು. ಅವ್ವ ಮನೆಗೆ ಬರುವಾಗ ಹತ್ತು ವರ್ಷ ಸಣ್ಣವಳಾದಂತೆ ನಡೆದಳು.

ಆದರೆ ನಮ್ಮ ಓಣಿಯಲ್ಲಿ ಗುಟ್ಟು ಎಷ್ಟು ದಿನ ಇದ್ದೀತು. ಶುಕ್ರವಾರ ನಳದ ಹತ್ತಿರ ಹಂಪವ್ವ ಕೊಡ ತುಂಬುತ್ತಿದ್ದಳು. ಅವಳು ನಮ್ಮ ಸಭೆಯವಳಲ್ಲ, ಆದರೆ ನಮ್ಮ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಶೋಭಾ ಬೆಳಿಗ್ಗೆ ಹಿತ್ತಲಿನಲ್ಲಿ ವಾಂತಿ ಮಾಡುವುದನ್ನು ಕಂಡಿದ್ದಳು. ನಿಮ್ಮಕ್ಕ ಯಾವ ಭಾನುವಾರದಿಂದ ಚಾಪೆಯ ಮೇಲೆ ಕೂಡುತ್ತಾಳೆ ಎಂದು ನನ್ನನ್ನು ಕೇಳಿದಳು. ನಾನು ಮುಖ ತಿರುಗಿಸಿ ನನ್ನ ಕೊಡವನ್ನು ನಳದ ಕೆಳಗಿಟ್ಟೆ. ಅಕ್ಕ ಚಾಪೆಯ ಮೇಲೆ ಕೂಡುವುದಿಲ್ಲ ಎಂದು ಅಷ್ಟರಲ್ಲೇ ಅವಳಿಗೆ ತಿಳಿದುಹೋಯಿತು.

"ಎಲ್ಲಾರ್ಗೂ ಒಬ್ಬನ ದೇವ್ರು ಅಂತಿದ್ರಲ್ಲವಾ ಸುಕನ್ಯಾ," ಎಂದಳು ಕೊಡವನ್ನು ಸೊಂಟಕ್ಕೇರಿಸುತ್ತ. "ಈಗ ನೋಡಿದ್ರ ಶೈಲಶ್ರೀಗೆ ಒಬ್ಬ, ನಿಮ್ಮ ಶೋಭಾಗ ಒಬ್ಬ ಅದಾನ."

ನಾನು ಅದನ್ನು ಅವ್ವನಿಗೆ ಹೇಳಲಿಲ್ಲ. ಅಕ್ಕನಿಗೆ ಹೇಳಿದೆ, ಎಮ್ಮೆಯ ಮುಂದೆ ಹಾಕಿದ ಹಿಟ್ಟಿನ ಸಂಗತಿಯನ್ನೂ ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಅವಳು ನನ್ನ ಜಡೆ ಬಿಚ್ಚಿ ಹೆಣೆದಳು, ಮತ್ತೆ ಬಿಚ್ಚಿದಳು.

ಹಾಗಾಗಿ ಶನಿವಾರ ಅವಳು ಬಂದು ಪರಾತ ಎಳೆದುಕೊಂಡಾಗ ನನಗೆ ಆಶ್ಚರ್ಯವಾಗಲಿಲ್ಲ. ಅವಳು ನಾದಿದಳು, ಲಟ್ಟಿಸಿದಳು, ಬೇಯಿಸಿದಳು. ಅವ್ವ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಹಿತ್ತಲಿನಲ್ಲಿ ಎಮ್ಮೆ ಹಗ್ಗ ಜಗ್ಗುವ ಸದ್ದು ಕೇಳುತ್ತಿತ್ತು. ಹಬೆಯಾಡುವ ರೊಟ್ಟಿಯನ್ನು ಅಕ್ಕ ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು. ನೇಮ ಮುಗಿಯಿತು. ಈಗ ಮಾತಾಡಬಹುದಿತ್ತು.

"ನಾ ತಪ್ಪು ಮಾಡೀನಿ ಬೇ. ಅಲ್ಲ ಅನ್ನಂಗಿಲ್ಲ," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ಶೈಲಕ್ಕನ ಹಿಟ್ಟು ಎಮ್ಮಿಗೆ ಹೋತು. ನಂದು ಹೆಂಗ ಮೇಜಿಗೆ ಹೊಕ್ಕತಿ?"

ಅವ್ವ ಒಲೆಯ ಬೂದಿಯನ್ನು ಕೆದಕುತ್ತ ಕೂತಳು. ಅಕ್ಕ ಅವಳ ಬೆನ್ನಿಗೆ ತಲೆ ಆನಿಸಿಕೊಂಡಳು. ಅವ್ವ ಸರಿಯಲಿಲ್ಲ. ಬೆಂಕಿ ಪೂರ್ತಿ ಆರುವತನಕ ಹಾಗೇ ಕೂತಿದ್ದರು.

ಭಾನುವಾರ ಅಕ್ಕ ಸಭೆಗೆ ಬಂದವಳೇ ಬಾಗಿಲ ಹತ್ತಿರದ ಚಾಪೆಯ ಮೇಲೆ ಕೂತಳು. ಪಾಸ್ಟರರು ಮುಂದೆ ಬಾ ಎಂದು ಕೈಸನ್ನೆ ಮಾಡಿದರು. ಅವಳು ತಲೆಯ ಸೆರಗು ಸರಿಮಾಡಿಕೊಂಡು ಅಲ್ಲೇ ಉಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಾಡಾಯಿತು, ಪ್ರಾರ್ಥನೆಯಾಯಿತು. ದೇಹ ದೇವರ ಮನೆ, ಅದನ್ನು ಮದುವೆಗೆ ಮುಂಚೆ ಯಾರಿಗೂ ತೆರೆಯಬಾರದು ಎಂದು ಪಾಸ್ಟರರು ಎಷ್ಟೋ ಸಲ ಹೇಳಿದ್ದಾರೆ. ನಾನೂ ಅದನ್ನು ನಂಬುತ್ತೇನೆ. ಅಕ್ಕನೂ ನಂಬುತ್ತಾಳೆ, ಅದಕ್ಕೇ ಅಲ್ಲಿ ಕೂತಿದ್ದಳು. ಆ ದಿನ ಅವರು ಅದರ ಬಗ್ಗೆ ಏನೂ ಹೇಳಲಿಲ್ಲ.

ಪಾಸ್ಟರರು ರೊಟ್ಟಿಯ ಗಂಟು ಬಿಚ್ಚಿ ಮುರಿಯಲು ಕೈಯೆತ್ತಿದಾಗ ಅವ್ವ ಎದ್ದು ನಿಂತಳು.

"ಅಯ್ಯಾವ್ರ, ಮುರೀಬ್ಯಾಡ್ರಿ," ಎಂದಳು. "ಆ ರೊಟ್ಟಿ ನನ್ನ ಮಗಳು ನಾದಿದ್ದು. ಅಕಿ ಬಸುರಿ ಅದಾಳ, ಲಗ್ನ ಆಗಿಲ್ಲ. ನಾ ನೋಡಿನೂ ಸುಮ್ಮನ ಕುಂತಿನಿ. ಶೈಲಶ್ರೀ ನಾದಿದ್ದನ್ನ ಎಮ್ಮಿಗೆ ಹಾಕಿದ್ನಿ. ಅಕಿನ್ನ ಈ ಮಂದಿ ಮುಂದ ನಿಂದ್ರಿಸಿದ್ನಿ. ಮಗಳಿಗಾದ್ರ ನಿಮ್ಮ ಮನಿಗೆ ಬಂದು ಕೈ ಮುಗದ್ನಿ."

ಆಮೇಲೆ ಹಿಂದಕ್ಕೆ ನಡೆದುಬಂದು ಚಾಪೆಯ ಮೇಲೆ ಅಕ್ಕನ ಪಕ್ಕ ಕೂತಳು. ಇಬ್ಬರಿಗೆ ಆ ಚಾಪೆ ಸಣ್ಣದು. ಅಕ್ಕ ಸರಿದು ಜಾಗ ಮಾಡಿಕೊಟ್ಟು ಅವ್ವನ ಕೈ ಹಿಡಿದುಕೊಂಡಳು.

ಪಾಸ್ಟರರು ರೊಟ್ಟಿಯನ್ನೇ ನೋಡುತ್ತ ನಿಂತಿದ್ದರು. ಅವರ ಕಿವಿಗಳು ಕೆಂಪಾಗಿದ್ದವು. ಶೈಲಶ್ರೀಗೆ ಹಿಂದೆ ಹೋಗು ಎಂದವನು ನಾನು, ಇವಳಿಗೆ ಮುಂದೆ ಬಾ ಎಂದವನೂ ನಾನೇ ಎಂದು ಮೆಲ್ಲಗೆ ಹೇಳಿದರು. ಈ ದಿನ ಮೇಜು ಇಲ್ಲ ಎಂದರು. ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಎಲ್ಲರೂ ಎದ್ದು ಹೋದ ಮೇಲೆ ಬಾಗಿಲ ಹತ್ತಿರ ಬಂದು ಗಂಟನ್ನು ಅವ್ವನ ಮಡಿಲಲ್ಲಿ ಇಟ್ಟರು. ಮೊದಲು ನೀನು ಅವಳ ಮನೆಗೆ ಹೋಗಿ ಬಾ ಹುಲಿಗವ್ವ, ಸಂಜೆ ನಾನೂ ಹೋಗುತ್ತೇನೆ ಎಂದರು.

ಅಕ್ಕನನ್ನು ಮನೆಗೆ ಕಳಿಸಿ ನಾವಿಬ್ಬರೇ ಬಸ್ ಸ್ಟ್ಯಾಂಡಿನ ಹಿಂದಕ್ಕೆ ನಡೆದೆವು. ದಾರಿಯಲ್ಲಿ ಅವ್ವ ಎರಡು ಸಲ ನಿಂತಳು. ನಾನು ಗಂಟನ್ನು ಇಸಿದುಕೊಂಡೆ. ಅದು ತಣ್ಣಗಾಗಿ ಗಟ್ಟಿಯಾಗಿತ್ತು.

ಶೈಲಶ್ರೀಯ ಬಾಗಿಲು ಮುಚ್ಚಿತ್ತು. ಒಳಗೆ ಹೊಲಿಗೆ ಮಷಿನ್ ಓಡುತ್ತಿತ್ತು. ಅವ್ವ ಕದ ತಟ್ಟಿ, ನಾನು ಹುಲಿಗವ್ವ ಎಂದಳು. ಮಷಿನ್ ನಿಂತಿತು. ಅವ್ವ ಕದಕ್ಕೆ ಮುಖ ಹತ್ತಿರ ಮಾಡಿ, ಅವತ್ತು ತಾನು ಮಾಡಿದ್ದು ತಪ್ಪು ಎಂದಳು. ಸಭೆಯಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡು ಬಂದಿದ್ದೇನೆ ಎಂದಳು. ಶೋಭಾನ ಸುದ್ದಿಯನ್ನೂ ಮುಚ್ಚಿಡಲಿಲ್ಲ. ಒಳಗೆ ಯಾರೋ ಎದ್ದು ಕದದ ಹತ್ತಿರ ಬಂದು ನಿಂತದ್ದು ಕೆಳಗಿನ ಸಂದಿಯಲ್ಲಿ ನನಗೆ ಕಂಡಿತು. ಎರಡು ಪಾದ, ಕಾಲುಂಗುರವಿಲ್ಲದವು. ಅವ್ವನಿಗೆ ಅದು ಕಾಣಲಿಲ್ಲ.

ಅವ್ವ ಅಂಗೈಯನ್ನು ಕದದ ಮೇಲಿಟ್ಟಳು.

"ಶೈಲಾ, ಮುಂದಿನ ಸಲ ಹಿಟ್ಟು ನಾದಾಕ ನೀನ ಬಾರವಾ."

ಪಾದಗಳು ಅಲ್ಲೇ ಇದ್ದವು. ನಾವೂ ನಿಂತಿದ್ದೆವು.