ಬೆರಳಳತೆಯ ಹಾಸಿಗೆ

ಗೇಣು ಬಡಗಿ ಮಾಡಿದ ಮಂಚದ ಮೇಲೆ ಇದುವರೆಗೆ ಯಾರೂ ಮಲಗಿ ಗೊರಕೆ ಹೊಡೆದಿಲ್ಲ. ಅವನು ಮಾಡುತ್ತಿದ್ದದ್ದು ಬೊಂಬೆಗಳ ಮಂಚ. ಮಂಚ, ಕುರ್ಚಿ, ಕಪಾಟು, ತೊಟ್ಟಿಲು, ಎಲ್ಲವೂ ಒಂದು ಗೇಣಿನೊಳಗೆ ಮುಗಿಯಬೇಕು. ಅದಕ್ಕೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಆಳು ಮಾತ್ರ ಆರಡಿ. ಅಷ್ಟು ದೊಡ್ಡ ಮನುಷ್ಯ ಕಿಟಕಿಯ ಬಳಿ ಮುದುರಿ ಕೂತು, ಬೆಂಕಿಕಡ್ಡಿಯಂಥ ಕಾಲುಗಳಿಗೆ ಮರಳುಕಾಗದ ಉಜ್ಜುವುದನ್ನು ಕಂಡವರಿಗೆ ನಗು ತಡೆಯುತ್ತಿರಲಿಲ್ಲ. ಅವನೂ ನಗುತ್ತಿದ್ದ. "ನನ್ನ ಗಿರಾಕಿಗಳು ಮಲಗಿದ್ರೆ ಏಳೋದೂ ಇಲ್ಲ, ದೂರೋದೂ ಇಲ್ಲ" ಎನ್ನುತ್ತಿದ್ದ.

ದೂರುವವರು ಬೇರೆ ಇದ್ದರು. ಇದೇನು ಮಕ್ಕಳು ಎಳೆದಾಡುವ ಆಟಿಕೆಯಲ್ಲ. ಕೊಳ್ಳುವವರೆಲ್ಲ ವಯಸ್ಸಾದವರು, ಗಾಜಿನ ಪೆಟ್ಟಿಗೆಯಲ್ಲಿ ಬೊಂಬೆಮನೆ ಕಟ್ಟಿ, ಅದಕ್ಕೆ ಒಂದೊಂದೇ ಸಾಮಾನು ಕೂಡಿಸುವ ಹುಚ್ಚಿನವರು. ನಿಜವಾದ ಮನೆಯಲ್ಲಿ ಒಂದು ಅಡಿ ಇರುವುದು ಬೊಂಬೆಮನೆಯಲ್ಲಿ ಒಂದು ಅಂಗುಲ ಇರಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೂಗು ಮುರಿಯುತ್ತಾರೆ. ತಮ್ಮ ಮನೆಯ ಮಂಚ ಕಿರುಗುಟ್ಟಿದರೂ ಕೇಳಿಸಿಕೊಳ್ಳದವರು ಬೊಂಬೆಯ ಮಂಚಕ್ಕೆ ಭೂತಗನ್ನಡಿ ಹಿಡಿಯುತ್ತಾರೆ! ಹಾಗಾಗಿ ಬಡಗಿ ಉಕ್ಕಿನ ಅಳತೆಪಟ್ಟಿ ಇಲ್ಲದೆ ಒಂದು ಚಕ್ಕೆಯನ್ನೂ ಕೊಯ್ಯುತ್ತಿರಲಿಲ್ಲ.

ಮಂಚ ಅವನದಾದರೆ ಹಾಸಿಗೆ ಹೆಂಡತಿಯದು. ಪಟ್ಟೆ ಬಟ್ಟೆಯ ಹಾಸಿಗೆ, ಅದಕ್ಕೆ ಸಾಲಾಗಿ ಹಾಕಿದ ದಾರದ ಗಂಟು, ಸವೆದ ಕರವಸ್ತ್ರದಿಂದ ಕತ್ತರಿಸಿದ ಹೊದಿಕೆ. ದಿಂಬಿನೊಳಗೆ ಬರೀ ಹತ್ತಿ ತುಂಬಿದರೆ ಅದು ಬೀಗಿಕೊಂಡು ಕೂರುತ್ತದೆ. ಹಾಗಾಗಿ ಜರಡಿ ಹಿಡಿದ ಮರಳನ್ನು ಒಂದು ಚಿಟಿಕೆ ಬೆರೆಸುತ್ತಿದ್ದಳು. ಆಗ ದಿಂಬು ಯಾರೋ ಈಗಷ್ಟೇ ತಲೆಯಿಟ್ಟು ಎದ್ದುಹೋದಂತೆ ತಗ್ಗುತ್ತಿತ್ತು. ಆದರೆ ಅಳತೆಪಟ್ಟಿಯನ್ನು ಅವಳು ಜನ್ಮದಲ್ಲಿ ಮುಟ್ಟಿದವಳಲ್ಲ. ಬಟ್ಟೆಯ ಮೇಲೆ ಬೆರಳುಗಳನ್ನು ಒತ್ತಾಗಿ ಇಡುತ್ತ ಹೋಗುವಳು. ಒಂಬತ್ತು ಬೆರಳುದ್ದ, ಐದು ಬೆರಳಗಲ. ಕತ್ತರಿ ಹಾಕಿ, ಹೊಲಿದು, ಮಂಚಕ್ಕೆ ಇಳಿಸಿದರೆ ನಾಲ್ಕು ಬದಿಗೂ ಕಚ್ಚಿಕೊಂಡು ಕೂರುತ್ತಿತ್ತು.

"ನೀವು ಪಟ್ಟಿನ ಎಲ್ಲಾದ್ರೂ ಬಿಟ್ಟುಬರ್ತೀರಾ, ಆಮೇಲೆ ಮನೆಯೆಲ್ಲ ತಡಕಾಡ್ತೀರಾ" ಎಂದು ಅವಳು ಹಂಗಿಸುವಳು. "ನನ್ನ ಬೆರಳನ್ನ ನಾನು ಎಲ್ಲಿಗ್ರೀ ಬಿಟ್ಟುಬರ್ಲಿ?"

ಆ ವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ಓಡಾಡಿದ್ದಾಯಿತು. ಕೊನೆಗೆ ವೈದ್ಯೆ ಬಡಗಿಯನ್ನು ಒಬ್ಬನನ್ನೇ ಬಾಗಿಲ ಹೊರಗೆ ಕರೆದು, ಇನ್ನು ದೇಹ ಕರಗುತ್ತ ಹೋಗುತ್ತದೆ, ನೋವಾಗದಂತೆ ನೋಡಿಕೊಳ್ಳಿ, ಅಷ್ಟೇ ಎಂದಳು. ಅವನು ಒಳಗೆ ಬಂದು ಹೆಂಡತಿಯ ಮುಖ ನೋಡಿದ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಹುಣ್ಣಂತೆ ಕಣೇ. ನಿಧಾನಕ್ಕೆ ವಾಸಿಯಾಗುತ್ತಂತೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಆದರೂ ಈ ಸುಳ್ಳು ನಿಂತಿತು. ಔಷಧಿಯ ದೆಸೆಯಿಂದ ಅವಳ ಮುಖ ಊದಿಕೊಂಡಿತ್ತು, ಹಾಗಾಗಿ ಕನ್ನಡಿ ಅವನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಬಟ್ಟೆ ಸಡಿಲವಾದದ್ದಕ್ಕೆ ಪಥ್ಯದ ಊಟ ಕಾರಣವಾಯಿತು. ಅವಳು ನೆಮ್ಮದಿಯಾಗಿ ಕೂತು ಹಾಸಿಗೆ ಹೊಲಿಯುತ್ತಿದ್ದರೆ ಅವನಿಗೆ ಅಷ್ಟೇ ಸಾಕಿತ್ತು. ಗೊತ್ತಾದ ದಿನ ಅವಳು ಸೂಜಿ ಕೆಳಗಿಡುತ್ತಾಳೆ, ಸೂಜಿ ಕೆಳಗಿಟ್ಟರೆ ಉಸಿರನ್ನೂ ಕೆಳಗಿಡುತ್ತಾಳೆ ಎಂದು ಅವನ ಮನಸ್ಸು ಹೆದರಿಕೊಂಡಿತ್ತು.

ಒಂದು ಬೆಳಿಗ್ಗೆ ಹಾಸಿಗೆಯನ್ನು ಮಂಚಕ್ಕೆ ಇಳಿಸಿದಾಗ ಕಾಲಿನ ಕಡೆ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿಯಿತು.

"ಏನಿದು, ಹತ್ತಿ ಉಳಿಸ್ತಾ ಇದೀಯಾ?" ಎಂದ ತಮಾಷೆಗೆ.

"ನನ್ನ ಹಾಸಿಗೆ ಸರಿಯಾಗೇ ಇದೆ. ನಿಮ್ಮ ಮಂಚ ಬೆಳೆದಿದೆ."

"ಮಂಚ ಎಲ್ಲಾದ್ರೂ ಬೆಳೆಯುತ್ತೇನೇ?"

"ಹಾಸಿಗೆ ಎಲ್ಲಾದ್ರೂ ಕುಗ್ಗುತ್ತೇನ್ರೀ?"

ಮಾತಿಗೆ ಮಾತು ಬೆಳೆದು, ಸಂಜೆಯವರೆಗೂ ಇಬ್ಬರೂ ಮುಖ ಗಂಟಿಕ್ಕಿಕೊಂಡಿದ್ದರು. ಅವರ ಸಂಸಾರದಲ್ಲಿ ಇದು ಹೊಸದಲ್ಲ; ಒಂದು ಗುಂಡಿಯ ಬಣ್ಣಕ್ಕಾಗಿ ವಾರಗಟ್ಟಲೆ ಮಾತು ಬಿಟ್ಟವರು. ಮುಂದಿನ ಹಾಸಿಗೆಯಲ್ಲಿ ಜಾಗ ಇನ್ನೂ ಹೆಚ್ಚಾಯಿತು. ಬಡಗಿ ತನ್ನ ಮಂಚವನ್ನು ಅಳೆದು ನೋಡಿದ, ಸರಿಯಾಗಿತ್ತು. ಅವಳಿಗೆ ತೋರಿಸಿಯೇ ಬಿಡೋಣವೆಂದು ಪಟ್ಟಿ ಹಿಡಿದು ಗೆದ್ದವನಂತೆ ಒಳಗೆ ಹೋದ.

ಅವಳು ಇನ್ನೊಂದು ಹಾಸಿಗೆಗೆ ಬಟ್ಟೆ ಅಳೆಯುತ್ತಿದ್ದಳು. ಬೆರಳುಗಳನ್ನು ಎಂದಿನಂತೆ ಒತ್ತಾಗಿಯೇ ಇಟ್ಟಿದ್ದಳು. ಗೆಣ್ಣುಗಳು ಒಂದಕ್ಕೊಂದು ತಾಗಿದ್ದವು. ಒಂದು ಗೆಣ್ಣಿಗೂ ಅದರ ಮೇಲಿನ ಗೆಣ್ಣಿಗೂ ನಡುವೆ, ಬೆರಳು ಸೊರಗಿದ ಕಡೆ ಮಾತ್ರ, ಬಟ್ಟೆಯ ನೀಲಿ ಪಟ್ಟೆ ಕಾಣುತ್ತಿತ್ತು. ಆ ಬೆರಳುಗಳ ನಡುವೆ ಹಿಂದೆಂದೂ ಏನೂ ಕಂಡದ್ದಿಲ್ಲ. ದಾರ ತೊಡಕುತ್ತದೆಂದು ಉಂಗುರವನ್ನಾದರೂ ಹಾಕುತ್ತಿರಲಿಲ್ಲ ಅವಳು, ಹಾಕಿದ್ದರೆ ಎಂದೋ ಜಾರಿಬಿದ್ದು ಹೇಳಿಬಿಡುತ್ತಿತ್ತು. ಬಡಗಿ ಪಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿದ.

"ಏನು, ಅಳೆದ್ರಾ?" ಎಂದಳು ತಲೆ ಎತ್ತದೆ.

"ಅಳೆದೆ. ತಪ್ಪು ನಂದೇ. ಪಟ್ಟಿ ತುದಿ ಸವೆದುಹೋಗಿದೆ."

ಅವಳ ಖುಷಿ ನೋಡಬೇಕಿತ್ತು! ಉಕ್ಕು ಸವೆಯಿತು, ನನ್ನ ಬೆರಳು ಸವೆಯಲಿಲ್ಲ ಎಂದು ಪಕ್ಕದ ಮನೆಯವಳಿಗೂ, ಹಾಲಿನವನಿಗೂ ಹೇಳಿಕೊಂಡು ನಕ್ಕಳು. ಬಡಗಿಯೂ ಜೊತೆಗೆ ನಕ್ಕ. ಆ ನಗು ಅವನಿಗೆ ಎಷ್ಟು ಭಾರವಾಯಿತೆಂದು ಅವನಿಗೇ ಗೊತ್ತು.

ಅಂದಿನಿಂದ ಕೆಲಸ ತಿರುವುಮುರುವಾಯಿತು. ಮೊದಲು ಮಂಚ, ಆಮೇಲೆ ಹಾಸಿಗೆ ಎನ್ನುವುದು ಇಷ್ಟು ವರ್ಷದ ಪದ್ಧತಿ. ಈಗ ಬಡಗಿ ಏನಾದರೊಂದು ನೆಪ ಹೇಳಿ ಕಾಯುತ್ತಿದ್ದ. ಹಾಸಿಗೆ ಮುಗಿದು, ಮಧ್ಯಾಹ್ನ ಅವಳು ಮಂಪರಿಗೆ ಜಾರಿದ ಮೇಲೆ ಅದನ್ನು ಅಳೆದು, ಅದಕ್ಕೆ ತಕ್ಕಂತೆ ಮಂಚ ಮಾಡುತ್ತಿದ್ದ. ಅವಳು ಎದ್ದು ನೋಡಿದರೆ ನಾಲ್ಕು ಬದಿಗೂ ಕಚ್ಚಿಕೊಂಡ ಹಾಸಿಗೆ. "ಈಗ ನೋಡಿ, ದಾರಿಗೆ ಬಂದ್ರಿ" ಎಂದು ಬೆನ್ನು ತಟ್ಟುವಳು. ಬಡಗಿ ಹೊಸ ಮಂಚಗಳಲ್ಲಿ ಮೊದಲನೆಯದನ್ನು ತನ್ನ ಸಾಮಾನು ಮಾರುವ ಅಂಗಡಿಗೆ ಕಳಿಸಿದ. ಅಂಗಡಿಯಾಕೆ ಅದನ್ನು ಕೈಯಲ್ಲೇ ಹಿಡಿದು ತಂದಳು.

"ಇದೇನ್ರೀ ಇದು? ಬೊಂಬೆ ಮಲಗಿಸಿದ್ರೆ ಪಾದ ಆಚೆ ಬರುತ್ತೆ. ಇಂಥದ್ದು ಯಾರಿಗೆ ಕೊಡ್ಲಿ ನಾನು? ನಿಮ್ಮ ಕೈಯಲ್ಲಿ ಇಂಥ ತಪ್ಪು ಬರುತ್ತೆ ಅಂದ್ರೆ ನಂಬೋಕೇ ಆಗ್ತಿಲ್ಲ."

"ಮೆಲ್ಲಗೆ ಮಾತಾಡಿ" ಎಂದ ಬಡಗಿ. "ಒಳಗೆ ಮಲಗಿದ್ದಾಳೆ." ಅಷ್ಟು ಒಳ್ಳೆಯ ಹೆಸರನ್ನು ಕೈಯಾರೆ ಕೆಡಿಸಿಕೊಳ್ಳುತ್ತಿದ್ದರೂ ಅವನಿಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಅಂಗಡಿಗೆ ಕುರ್ಚಿ, ಕಪಾಟು ಮಾತ್ರ ಕಳಿಸತೊಡಗಿದ. ಮಂಚಗಳನ್ನು ಹಾಸಿಗೆ ಸಮೇತ ಉಪಕರಣದ ಕಪಾಟಿನ ಕೆಳಗಿನ ಅರೆಯಲ್ಲಿ ಒಂದರ ಹಿಂದೆ ಒಂದು ಬಚ್ಚಿಟ್ಟ. ಅವಳು ಕೇಳಿದರೆ ಬಿಸಿಬಿಸಿಯಾಗಿ ಖರ್ಚಾದವು ಎನ್ನುವನು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ ಕೊಡುತ್ತ, ಯಾವಳೋ ಒಬ್ಬಳು ನಿನ್ನ ಹೊದಿಕೆಯನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳಂತೆ ಎಂದ. ಅವಳು ಆ ದಿನ ಎರಡು ತುತ್ತು ಹೆಚ್ಚು ಉಂಡಳು.

ಹೆಂಡತಿಯ ಕೈ ನಡುಗತೊಡಗಿದಾಗ ಆಸರೆಗೆಂದು ನಾದಿನಿ ಬಂದಳು, ಅವಳ ತಂಗಿ. ಬಡಗಿ ಅವಳನ್ನು ಹೊರಗೇ ನಿಲ್ಲಿಸಿ ಕಾಯಿಲೆಯ ವಿಷಯ ಹೇಳಿ, ಅಕ್ಕನೆದುರು ಹುಣ್ಣು ಅಂತಲೇ ಹೇಳು ಎಂದು ಮಾತು ತೆಗೆದುಕೊಂಡ. ಮಂಚದ ವಿಷಯ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ತಾನು ಮಾಡುವ ಮೋಸ ರೂಢಿಯಾಗಿ, ಅದೇ ಅವನಿಗೆ ಸರಿಯಾದ ಅಳತೆಯಾಗಿಬಿಟ್ಟಿತ್ತು.

ಒಂದು ದಿನ ಅವನು ಮರ ತರಲು ಹೋಗಿದ್ದ. ಅಕ್ಕ ತಂಗಿಗೆ ಬಟ್ಟೆ ಕೊಟ್ಟಳು. "ಇವತ್ತು ಕತ್ತರಿ ನಿಲ್ತಾ ಇಲ್ಲ ಕಣೇ. ನೀನೇ ಕತ್ತರಿಸು. ಪಟ್ಟಿ ಗಿಟ್ಟಿ ಬೇಡ, ಬೆರಳಿಟ್ಟು ಅಳಿ. ನಿನ್ನ ಕೈ ನನ್ನ ಕೈ ಒಂದೇ ಅಚ್ಚು. ಅಮ್ಮ ಒಬ್ಬಳ ಕೈಗೆ ಅಳತೆ ನೋಡಿ ಇಬ್ಬರಿಗೂ ಕೈಗವಸು ಹೆಣೀತಿದ್ದಳಲ್ಲ." ನಾದಿನಿ ಒಂಬತ್ತು ಬೆರಳು, ಐದು ಬೆರಳು ಅಳೆದು, ಕತ್ತರಿಸಿ ಹೊಲಿದಳು. ಹಿಂದಿನ ದಿನ ಮಾಡಿದ ಮಂಚ ಅಂಟು ಆರಲೆಂದು ಮೇಜಿನ ಮೇಲಿತ್ತು. ಅದಕ್ಕೆ ಹಾಸಿಗೆ ಇಳಿಸಲು ನೋಡಿದಳು.

"ಅಕ್ಕಾ, ಹಿಡಿಸ್ತಾ ಇಲ್ಲ."

"ನೀನು ಮೊದಲಿಂದ್ಲೂ ಧಾರಾಳಿ. ಕೊಡು ಇಲ್ಲಿ."

ಹಾಸಿಗೆಯ ಎರಡೂ ತುದಿ ಮಂಚದಿಂದ ಎದ್ದು ನಿಂತವು. ಅಕ್ಕ ಬಟ್ಟೆಯ ಮೇಲೆ ತನ್ನ ಬೆರಳಿಟ್ಟು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ತಂಗಿಯ ಕೈಯನ್ನು ಎಳೆದು ಮೇಜಿನ ಮೇಲೆ ತನ್ನ ಕೈಯ ಪಕ್ಕದಲ್ಲಿ ಇಟ್ಟು ನೋಡುತ್ತ ಕೂತಳು. ಬಡಗಿ ಹಲಗೆಯ ಕಟ್ಟು ಹೊತ್ತು ಬಾಗಿಲಿಗೆ ಬಂದಾಗ ಕಂಡದ್ದು ಅದೇ, ಪಕ್ಕಪಕ್ಕ ಇಟ್ಟ ಎರಡು ಕೈ.

"ಒಳಗೆ ಬನ್ನಿ" ಎಂದಳು. "ಗಾಜು ಒಡೆದ ಹುಡುಗನ ಹಾಗೆ ಅಲ್ಲೇ ಯಾಕೆ ನಿಂತ್ರಿ? ಖರ್ಚಾದವು ಅಂದ್ರಲ್ಲ ಆ ಮಂಚಗಳು, ಎಲ್ಲಿವೆ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳ ಕಣ್ಣು ನೋಡಿ ಅದು ಅಲ್ಲೇ ಸತ್ತಿತು. ಬಡಗಿ ಕಪಾಟು ತೆರೆದು ಎಲ್ಲವನ್ನೂ ತಂದು ಅವಳ ಮುಂದಿಟ್ಟ. ಅವಳು ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದಳು. ಬಟ್ಟೆ ನೋಡುತ್ತಲೇ ಅವಳಿಗೆ ದಿನಗಳು ನೆನಪಾಗುತ್ತಿದ್ದವು. ಇದು ಬೀದಿಯ ಮರ ಚಿಗುರಿದಾಗ ಹೊಲಿದದ್ದು. ಇದು ನಿಮಗೆ ನೆಗಡಿಯಾಗಿತ್ತಲ್ಲ, ಆವಾಗಿನದು. ಇದು ಮೊನ್ನೆ. ಸಾಲಿನ ಆ ತುದಿಯಿಂದ ಈ ತುದಿಗೆ ಅವಳು ಬೆರಳಾಡಿಸಿದಳು.

"ಹುಣ್ಣಲ್ಲ, ಅಲ್ವಾ?"

"ಅಲ್ಲ" ಎಂದ ಬಡಗಿ. ನಾದಿನಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

"ಕಾಯಿಲೆ ಮುಚ್ಚಿಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ನಿಮಗಾಗಿದ್ರೆ ನಾನೂ ಮುಚ್ಚಿಡ್ತಿದ್ದೆನೋ ಏನೋ. ಆದ್ರೆ ನನ್ನ ಕೆಲಸ ಕೆಟ್ಟಿದ್ದನ್ನ ಹೇಳ್ಲಿಲ್ವಲ್ಲ ನೀವು! ಒಂದು ಗುಂಡಿಗೆ ವಾರಗಟ್ಟಲೆ ಜಗಳ ಆಡಿದವರು. ಜಗಳ ಆಡೋಕೂ ನಾನು ಲಾಯಕ್ಕಿಲ್ಲ ಅಂದ್ಕೊಂಡ್ರಾ?"

ಅವಳ ಕಣ್ಣೀರಿಗೆ ಅವನು ಸಿದ್ಧನಾಗಿದ್ದ, ಕಿರುಚಾಟಕ್ಕೂ ಸಿದ್ಧನಾಗಿದ್ದ. ಅವಳಿಗಾದ ಈ ಅವಮಾನಕ್ಕೆ ಸಿದ್ಧನಾಗಿರಲಿಲ್ಲ. ಅವಳನ್ನು ಉಳಿಸಿಕೊಳ್ಳುತ್ತೇನೆಂದು ಹೊರಟು, ಅವಳು ಇನ್ನೂ ಬದುಕಿರುವಾಗಲೇ ಇಲ್ಲದವಳ ಹಾಗೆ ನಡೆಸಿಕೊಂಡಿದ್ದನಲ್ಲ! ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತು ಆ ದೊಡ್ಡ ಆಳು ಬಿಕ್ಕಿಬಿಕ್ಕಿ ಅತ್ತ.

ಅವನು ಅತ್ತು ಮುಗಿಸುವವರೆಗೂ ಅವಳು ಕಾದಳು. ಆಮೇಲೆ ಸಾಲಿನ ಕೊನೆಯ ಮಂಚ ಎತ್ತಿಕೊಂಡು, ಅದರ ಹೊದಿಕೆಯ ಮಡಿಕೆ ಸರಿಮಾಡಿದಳು.

"ಚೆನ್ನಾಗೇ ಮಾಡಿದೀರಾ" ಎಂದಳು. "ಇದಕ್ಕಿಂತ ಚಿಕ್ಕದು ಮಾತ್ರ ಮಾಡ್ಬೇಡಿ."

"ಇಲ್ಲ."

"ಅಂಗಡಿಯವಳ ಮಂಚಕ್ಕೆ ಇನ್ಮೇಲೆ ತಂಗಿ ಹೊಲೀಲಿ. ದಿಂಬು ತುಂಬೋದು ಹೇಳ್ಕೊಡ್ತೀನಿ."

ಅವನು ತಲೆಯಾಡಿಸಿದ. ಸೂಜಿ ಬಿಟ್ಟ ಅವಳ ಕೈ ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಬಿದ್ದಿತ್ತು. ಇಷ್ಟು ತಿಂಗಳು ಆ ಬೆರಳುಗಳನ್ನು ಅವನು ಅಳೆದಿದ್ದನೇ ಹೊರತು ಒಮ್ಮೆಯೂ ಹಿಡಿದಿರಲಿಲ್ಲ. ಹಿಡಿದರೆ ತನ್ನ ಕೈಯೇ ನಡುಗಿ ಎಲ್ಲ ಹೇಳಿಬಿಡುತ್ತದೆಂಬ ಭಯ. ಈಗ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡ, ಅಂಟು ಆರದ ಸಾಮಾನನ್ನು ಎತ್ತುವಂತೆ, ಒತ್ತಲು ಹೆದರುತ್ತ.

"ಗಟ್ಟಿಯಾಗಿ ಹಿಡ್ಕೊಳ್ರೀ" ಎಂದಳು ಅವಳು. "ಇನ್ನೂ ಇಲ್ಲೇ ಇದೀನಿ."