ಎರವಲು ಹೋದ ಪೆಟ್ಟಿಗೆ

ನಾರ್ದೋ ಹಾಡಿನ ಎತ್ತರದ ಸ್ವರ ಹಿಡಿಯಲು ಒದ್ದಾಡುತ್ತಿದ್ದಾಗಲೇ ಡೆಲ್ಫಿನ್ ಕರೋಕೆ ಹಾಡಿನ ಯಂತ್ರದ ವೈರು ಕಿತ್ತ. ಪರದೆ ಕಪ್ಪಾಯಿತು.

"ಏನಣ್ಣಾ ಇದು! ನನ್ನ ಐವತ್ತನೇ ಹುಟ್ಟಿದಬ್ಬ, ಒಂದು ಹಾಡು ಮುಗಿಸೋಕೂ ಬಿಡಲ್ವಾ?"

"ಆಸ್ಪತ್ರೆಯಿಂದ ಫೋನು ಕಣೋ. ಆಕ್ಸಿಜನ್ ಸಿಲಿಂಡರ್ ಮುಗೀತಂತೆ."

"ಒಳ್ಳೇದೇ ಆಯ್ತು ಬಿಡಿ ಭಾವ," ಎಂದಳು ನಾರ್ದೋನ ಹೆಂಡತಿ. "ಇನ್ನೊಂದು ಸಾಲು ಹಾಡಿದ್ರೆ ಮೇಜಿನ ಮೇಲಿರೋ ಸುಟ್ಟ ಹಂದೀನೂ ಎದ್ದು ಓಡ್ತಿತ್ತು."

ಅಂಗಳವೆಲ್ಲ ನಕ್ಕಿತು. ಡೆಲ್ಫಿನ್ ಕರೋಕೆಗೆ ಕರೆಂಟು ಕೊಡುತ್ತಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು ಹೊರಟ.

ಆ ದ್ವೀಪದ ಆಸ್ಪತ್ರೆಯಲ್ಲಿ ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರ ಇದ್ದದ್ದು ಒಂದೇ. ಅಮೆರಿಕದ ಯಾವುದೋ ಚರ್ಚಿನವರು ಕೊಟ್ಟದ್ದು. ಅದಕ್ಕೆ ಬೇಕಾದ ಕರೆಂಟಿನ ಎರಡು ಪಟ್ಟು ಇಲ್ಲಿಯ ಗೋಡೆಯಲ್ಲಿ ಬರುತ್ತದೆ. ಅದನ್ನು ಅರ್ಧಕ್ಕೆ ಇಳಿಸಿ ಕೊಡಲು ನಡುವೆ ಈ ಪೆಟ್ಟಿಗೆ ಇರಲೇಬೇಕು. ನಾರ್ದೋನ ಮಗಳು ಕ್ಯಾಲಿಫೋರ್ನಿಯಾದಿಂದ ಕಳಿಸಿದ ಕರೋಕೆಗೂ ಬೇಕಾದದ್ದು ಇಂಥದೇ ಪೆಟ್ಟಿಗೆ. "ಒಂದೇ ಮಧ್ಯಾಹ್ನ ಅಣ್ಣಾ" ಎಂದು ನಾರ್ದೋ ಕೇಳಿದ್ದ. ಆಸ್ಪತ್ರೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಡೆಲ್ಫಿನ್ ಯಂತ್ರದ ಬದಲಿಗೆ ಜೋಡಿಸಿದ ಸಿಲಿಂಡರಿನ ಮುಳ್ಳು ನೋಡಿ, ಸಂಜೆಯವರೆಗೆ ಬರುತ್ತದೆ ಎಂದು ಅಂದಾಜು ಮಾಡಿ ಕೊಟ್ಟಿದ್ದ.

ಆ ಸಿಲಿಂಡರಿನ ನಳಿಕೆ ಇದ್ದದ್ದು ಮೀನು ಮಾರುವ ಓಸಾಂಗ್ ಎಂಬಾಕೆಯ ಮೂಗಿನಲ್ಲಿ. ಎದೆಯಲ್ಲಿ ಕಫ ಕಟ್ಟಿ ಮೂರು ದಿನವಾಗಿತ್ತು. ಬೆಳಿಗ್ಗೆ ಡೆಲ್ಫಿನ್ ಪೆಟ್ಟಿಗೆ ಹೊತ್ತು ಹೊರಟಾಗ ಅವಳೇ ಕೆಣಕಿದ್ದಳು: "ಎಲ್ಲಿಗೋ ಅದು? ನಿನ್ನ ಮಷೀನಿಗಿಂತ ನನ್ನ ಬುಟ್ಟಿ ಮೀನಿಗೇ ಜಾಸ್ತಿ ಉಸಿರಿರುತ್ತೆ."

"ಸಂಜೆ ತರ್ತೀನಿ ಅಕ್ಕಾ, ನೀನು ಸುಮ್ನೆ ಮಲಕ್ಕೋ," ಎಂದಿದ್ದ.

ವಾರ್ಡಿನ ಬಾಗಿಲಲ್ಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಸೋಮವಾರವಷ್ಟೇ ಕೆಲಸಕ್ಕೆ ಸೇರಿದ್ದ ನರ್ಸ್ ಜೊವೆಲಿನ್ ಯಂತ್ರದ ವೈರು ಕೈಯಲ್ಲಿ ಹಿಡಿದು ನಿಂತಿದ್ದಳು.

"ಡೆಲ್ಫಿನಣ್ಣಾ, ಅಕ್ಕನ ತುಟಿ ನೀಲಿ ಆಗ್ತಾ ಇತ್ತು. ಪ್ಲಗ್ ಗೋಡೆಗೆ ಸರಿಯಾಗಿ ಕೂತ್ಕೊಂತು. ಅದಕ್ಕೇ ಹಾಕ್ದೆ. ಟಪ್ ಅಂತು."

ಪ್ಲಗ್ ಕೂತೇ ಕೂರುತ್ತದೆ; ಅಮೆರಿಕದ್ದೂ ಇಲ್ಲಿಯದೂ ಒಂದೇ ಆಕಾರ. ಪೆಟ್ಟಿಗೆಯಿಲ್ಲದೆ ಹಾಕಬಾರದೆಂದು ಉಳಿದ ನರ್ಸುಗಳಿಗೆಲ್ಲ ಹೇಳಿದ್ದ. ಒಂದು ಚೀಟಿ ಬರೆದು ಅಂಟಿಸಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೂ ಇದ್ದ. ಫೋನಿನಲ್ಲಿ "ಬಂದೆ" ಎಂದಿದ್ದನೇ ಹೊರತು "ಯಂತ್ರ ಮುಟ್ಟಬೇಡ" ಎಂದಿರಲಿಲ್ಲ.

"ನಾನು ತಪ್ಪು ಮಾಡಿದ್ನಾ ಅಣ್ಣಾ?"

"ಇಲ್ಲಮ್ಮ. ನೀನಲ್ಲ."

ಓಸಾಂಗಳನ್ನು ಅವಳ ಮಗನ ದೋಣಿಯಲ್ಲೇ ಮಲಗಿಸಿದರು. ದೊಡ್ಡ ಆಸ್ಪತ್ರೆಯ ಊರಿಗೆ ಎರಡು ಗಂಟೆಯ ದಾರಿ. ಡೆಲ್ಫಿನ್ ಸೊಂಟದ ಮಟ್ಟದ ನೀರಿಗಿಳಿದು ದೋಣಿ ತಳ್ಳಿದ. ಅವಳು ಏನೋ ಹೇಳಲು ಬಾಯಿ ತೆರೆದಳು; ಮಾತಿಗೆ ಉಸಿರು ಸಾಲಲಿಲ್ಲ. ಒಂದು ಗಂಟೆಯೊಳಗೇ ದೋಣಿ ತಿರುಗಿ ಬಂತು. ದಡದಲ್ಲಿದ್ದವರು ಟೋಪಿ ತೆಗೆದರು.

ಮಾರನೆಯ ಬೆಳಿಗ್ಗೆ ನಾರ್ದೋನ ಮನೆಯಿಂದ ಬಾಳೆಲೆ ಮುಚ್ಚಿದ ಶಾವಿಗೆಯ ತಟ್ಟೆ ಬಂತು. ಡೆಲ್ಫಿನ್ ಅದನ್ನು ಜೊವೆಲಿನ್ ಕಡೆ ಸರಿಸಿ, ಗೋಡೆಗೆ ತೂತು ಕೊರೆದು, ಪೆಟ್ಟಿಗೆಯನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದ. ಅಲುಗಾಡಿಸಿ ನೋಡಿದ. ಕದಲಲಿಲ್ಲ. ಸುಟ್ಟ ಯಂತ್ರದ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಿದ. ಪೆಟ್ಟಿಗೆಯ ಮೇಲಿನ ಸಣ್ಣ ಕೆಂಪು ದೀಪ ಮಾತ್ರ ಹೊತ್ತಿಕೊಂಡಿತು.